‘ನೀವು’ ಆಗಿಹೋದ ಅರುಂಧತಿ

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂಬ ಮಾತನ್ನು ಅರುಂಧತಿ ಎಂದೂ ನಂಬಿದವಳಲ್ಲ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಹೇಳಿದವಳು ಅಂಥದ್ದನ್ನೆಲ್ಲ ನಂಬುವುದುಂಟೆ? ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಇಂಗ್ಲಿಷಿನಲ್ಲಿ ಕೇಳಿದವರಿಗೆ ‘ದಿವಾಕರ್’ ಎಂದು ಥಟ್ಟನೆ ಹೇಳುತ್ತಿದ್ದಳು. ಆದರೆ ಕನ್ನಡದಲ್ಲಿ, ಅವರ ಮುಖ ನೋಡಿ, ಮದುವೆಯಾದಂದಿನಿಂದ ಒಂದೇ ಒಂದು ಸಲವೂ ಹೆಸರು ಹಿಡಿದು ಕರೆದಿರಲಿಲ್ಲ. ‘ರೀ’ ಎಂದರೆ ಸಾಕಿತ್ತು. ಅಡುಗೆಮನೆಯಿಂದ ಎಳೆದು ಹೇಳಿದರೆ ಊಟಕ್ಕೆ ಬನ್ನಿ ಎಂದು, ಗಿಡ್ಡಕ್ಕೆ ಹೇಳಿದರೆ ಬಾಯಿ ಮುಚ್ಚಿಕೊಳ್ಳಿ ಎಂದು, ನಾಲ್ಕು ಜನರ ನಡುವೆ ಮೆಲ್ಲಗೆ ಹೇಳಿದರೆ ಇನ್ನು ಹೊರಡೋಣ ಎಂದು ಅರ್ಥ.

ಆ ಕಡೆಯಿಂದಲೂ ಅಷ್ಟೇ. ದಿವಾಕರರು ‘ಅರುಂಧತಿ’ ಎಂದದ್ದು ಮದುವೆಮನೆಯಲ್ಲಿ ಹುಡುಗಿಯರು ಬಾಗಿಲು ಅಡ್ಡಗಟ್ಟಿ, ಹೆಂಡತಿಯ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಾಗ ಮಾತ್ರ. ಆಮೇಲೆಲ್ಲ ‘ಇವಳೇ’. ಸಿಟ್ಟು ಬಂದರೆ ‘ಲೇ’. ಉಳಿದಂತೆ ‘ನೀನು’. ನೀನು ನನ್ನ ಕನ್ನಡಕ ಎಲ್ಲಿಟ್ಟೆ, ನಿನಗೆ ಆಗಲೇ ಹೇಳಿರಲಿಲ್ಲವೇ, ನಿನ್ನ ತಲೆ. “ನೀನು ಅವರಿಗೆ ಬಹುವಚನ, ಅವರು ನಿನಗೆ ಏಕವಚನ, ಇದ್ಯಾವ ನ್ಯಾಯ ಕಣೇ?” ಎಂದು ಕಾಲೇಜಿನ ಗೆಳತಿಯರು ರೇಗಿಸುತ್ತಿದ್ದರು. ಅರುಂಧತಿ ನಕ್ಕು ಸುಮ್ಮನಾಗುತ್ತಿದ್ದಳು. ಅದೇ ಏಕವಚನಕ್ಕಾಗಿ ಒಂದು ದಿನ ತಾನು ಹರಕೆ ಹೊತ್ತುಕೊಳ್ಳುತ್ತೇನೆಂದು ಅವಳಿಗೇನು ಗೊತ್ತಿತ್ತು!

ಮಗ ಅಭಯ್ ಇನ್ನೂ ಸ್ಕೂಲಿಗೆ ಹೋಗುತ್ತಿದ್ದಾಗ ಅವರು ಸಿಡ್ನಿಗೆ ಬಂದವರು. ಮೈಸೂರಿನ ಕಾರ್ಖಾನೆಯಲ್ಲಿ ಹತ್ತಾರು ಜನರಿಗೆ ಕೆಲಸ ಹೇಳುತ್ತಿದ್ದ ಎಂಜಿನಿಯರ್ ದಿವಾಕರರು ಇಲ್ಲಿ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿದರು. ಗಿಡಮರಗಳ ಲ್ಯಾಟಿನ್ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿದ್ದ ಅರುಂಧತಿ ಒಂದು ಲ್ಯಾಬಿನಲ್ಲಿ ಬೇರೆಯವರ ರಕ್ತದ ಶೀಷೆಗಳಿಗೆ ಚೀಟಿ ಅಂಟಿಸಿದಳು. ಗೊಣಗಿಕೊಂಡು, ನಕ್ಕುಕೊಂಡು, ವೆಂಟ್‌ವರ್ತ್‌ವಿಲ್ಲಿನಲ್ಲಿ ಒಂದು ಮನೆ ಮಾಡಿದರು. ಹಿತ್ತಿಲಲ್ಲಿ ಕರಿಬೇವು ಹತ್ತಿತು. ಮಗ ಓದಿ, ಮಹತಿ ಎಂಬ ಹುಡುಗಿಯನ್ನು ಮದುವೆಯಾಗಿ, ಮೆಲ್ಬರ್ನಿನ ಟ್ರುಗನಿನಾದಲ್ಲಿ ಸಂಸಾರ ಹೂಡಿದ. ಇನ್ನೇನು ಕಾಲು ಚಾಚಿ ಕೂರಬಹುದು ಎನ್ನುವ ಹೊತ್ತಿಗೆ ದಿವಾಕರರಿಗೆ ಮರೆವು ಶುರುವಾಯಿತು.

ಮೊದಲು ಕೀಲಿಕೈ ಮರೆತರು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಮನೆಯ ದಾರಿ ಮರೆತರು. ಆಮೇಲೆ ಇಂಗ್ಲಿಷು ಕಳಚಿಕೊಂಡು ಬಿತ್ತು, ಪಕ್ಕದ ಮನೆಯ ಮುದುಕ ಗುಡ್ ಮಾರ್ನಿಂಗ್ ಎಂದರೆ ಇವರು “ಊಟ ಆಯ್ತಾ?” ಎನ್ನತೊಡಗಿದರು. ಅದನ್ನೂ ಅರುಂಧತಿ ತಡೆದುಕೊಂಡಳು. ತಡೆದುಕೊಳ್ಳಲಾಗದ್ದು ಒಂದು ಬೆಳಿಗ್ಗೆ ಕಾಫಿ ಲೋಟದ ಜೊತೆ ಬಂತು. ಲೋಟ ಇಸಿದುಕೊಂಡು ದಿವಾಕರರು ತಲೆಯೆತ್ತಿ, “ನಿಮಗೆ ಸುಮ್ಮನೆ ತೊಂದರೆ ಆಯ್ತು” ಎಂದರು. ತಮಾಷೆ ಇರಬೇಕು ಎಂದುಕೊಂಡಳು. ಮಧ್ಯಾಹ್ನ, “ನೀವು ಊಟ ಮಾಡಿದ್ರಾ? ನಿಮ್ಮ ಮನೆಯವರು ಕಾಯ್ತಿರ್ತಾರೆ” ಎಂದರು. ಅರುಂಧತಿ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಅಂದಿನಿಂದ ಅವಳು ಆ ಮನೆಯಲ್ಲಿ ‘ನೀವು’ ಆದಳು. ಬೈದಿದ್ದರೆ ಸಹಿಸುತ್ತಿದ್ದಳು. ಹೆಂಡತಿಗೆ ಗಂಡ ಮರ್ಯಾದೆ ಕೊಟ್ಟು ಮಾತಾಡುವುದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ ಎಂದು ಅವಳಿಗೆ ಆಗ ತಿಳಿಯಿತು.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರು, ದುಭಾಷಿಯ ಮೂಲಕ, “ನಿಮ್ಮ ಹೆಂಡತಿಯ ಹೆಸರೇನು?” ಎಂದು ಕೇಳಿದರು. ದಿವಾಕರರು ನಾಚಿಕೊಂಡು ನೆಲ ನೋಡಿದರು. ಡಾಕ್ಟರು ಏನೋ ಗೀಚಿಕೊಂಡರು. ಅರುಂಧತಿಗೆ ರೇಗಿಹೋಯಿತು. “ಗಟ್ಟಿಯಾಗಿದ್ದಾಗಲೇ ಅವರು ನನ್ನ ಹೆಸರು ಹೇಳಿದವರಲ್ಲ. ಇದನ್ನು ಕೇಳಿ ಮಾರ್ಕ್ಸು ಕಳೆಯುತ್ತೀರಲ್ಲ!” ಎಂದಳು. ಡಾಕ್ಟರು ಕನಿಕರದಿಂದ ನೋಡಿದರು. ಆ ಕನಿಕರ ಅವಳಿಗೆ ಬೇಕಿರಲಿಲ್ಲ.

ಸೆಪ್ಟೆಂಬರಿನ ಒಂದು ಸಂಜೆ ಅಭಯ್ ಫೋನ್ ಮಾಡಿದ.

“ಅಮ್ಮ, ಇಲ್ಲಿ ನಮ್ಮನೆ ಹತ್ರಾನೇ ಒಂದು ಕೇರ್ ಹೋಮ್‌ನಲ್ಲಿ ರೂಮ್ ಖಾಲಿ ಆಗಿದೆ. ಮರೆವಿನವರಿಗೇ ಅಂತ ಬೇರೆ ವಿಂಗ್ ಇದೆ. ಸೋಮವಾರದೊಳಗೆ ಯೆಸ್ ಆರ್ ನೋ ಹೇಳ್ಬೇಕಂತೆ.”

“ನೋ ಅಂತ ಈಗಲೇ ಹೇಳ್ಬಿಡು.”

“ಅಮ್ಮ, ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು. ಹೋದ ವಾರ ಅಪ್ಪ ಸ್ಟೇಷನ್ ತನಕ ಹೋಗ್ಬಿಟ್ಟಿದ್ರು. ನಿನ್ನ ಮಂಡಿ ನೋಡಿದ್ರೆ ಹಾಗಿದೆ. ನೀನು ನಮ್ಮ ಜೊತೆ ಇರು. ದಿನಾ ಹೋಗಿ ಅಪ್ಪನ್ನ ನೋಡ್ಕೊಂಡು ಬರ್ಬಹುದು.”

“ನೋಡ್ಕೊಂಡು ಬರೋಕೆ ಅವರೇನು ಮೃಗಾಲಯದಲ್ಲಿ ಇರ್ತಾರಾ?”

ಅಭಯ್ ಮೆಲ್ಲಗೆ ಕೇಳಿದ. “ಅಪ್ಪಂಗೆ ನೀನು ಯಾರು ಅಂತ ಗೊತ್ತಾಗುತ್ತಾ ಅಮ್ಮ?”

“ಸೋಮವಾರ ಹೇಳ್ತೀನಿ” ಎಂದು ಫೋನಿಟ್ಟಳು.

ಆ ರಾತ್ರಿ ಅವಳು ತನ್ನೊಳಗೇ ಒಂದು ಪಣ ತೊಟ್ಟಳು. ಸೋಮವಾರದೊಳಗೆ ಒಂದು ಸಲ, ಒಂದೇ ಸಲ, ಅವರ ಬಾಯಿಂದ ‘ನೀನು’ ಬಂದರೆ ಪ್ರಾಣ ಹೋದರೂ ಅವರನ್ನು ಬಿಟ್ಟುಕೊಡುವುದಿಲ್ಲ. ಮಂಡಿ ಸವೆಯಲಿ, ನಿದ್ದೆ ಕೆಡಲಿ, ತನ್ನ ಗಂಡ ತನ್ನ ಮನೆಯಲ್ಲಿರುತ್ತಾರೆ. ಬಾರದಿದ್ದರೆ? ಬಾರದಿದ್ದರೆ ಎಂಬಲ್ಲಿಗೆ ಯೋಚನೆ ಹೋಗಲೊಲ್ಲದು.

ಆಗಲೇ ಅವಳಿಗೆ ಜಪಾನು ನೆನಪಾದದ್ದು. ಮದುವೆಯಾದ ಹೊಸದರಲ್ಲಿ ಕಾರ್ಖಾನೆಯವರು ದಿವಾಕರರನ್ನು ತರಬೇತಿಗೆಂದು ನಗೋಯಾಕ್ಕೆ ಕಳಿಸಿದ್ದರು. ಅಲ್ಲೊಂದು ಭಾನುವಾರ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ತೋಟ, ಗುಡಿ, ಜಲಪಾತ ಎಲ್ಲ ತೋರಿಸಿದ್ದರಂತೆ. ಬಾವುಟ ಹಿಡಿದು ಮುಂದೆ ನಡೆಯುತ್ತಿದ್ದ ಗೈಡು ಹೆಂಗಸು, ಕೊಳದಲ್ಲಿ ಮಗುವಿನ ತೋಳಿನಷ್ಟು ದಪ್ಪದ ಬಣ್ಣದ ಮೀನು, ತಲೆಯ ಮೇಲೆ ಉದುರುವ ಚೆರಿ ಹೂವು. ಆ ಒಂದು ದಿನದ ಪ್ರವಾಸವನ್ನು ಅವರು ಬದುಕಿಡೀ ಹೇಳಿದರು. ಅಭಯ್ ಅಂತೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಪ್ರತಿ ಸಲವೂ ಕಥೆ ಮುಗಿಯುತ್ತಿದ್ದದ್ದು ಒಂದೇ ಮಾತಿನಿಂದ: “ಇವಳೇ, ನಿನ್ನನ್ನ ಒಂದು ಸಲ ಕರ್ಕೊಂಡು ಹೋಗ್ಬೇಕು ಕಣೇ ಅಲ್ಲಿಗೆ.” ಕರೆದುಕೊಂಡು ಹೋಗಲಿಲ್ಲ ಅನ್ನಿ. ಗಂಡಸರ ‘ಒಂದು ಸಲ’ ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ. ಆದರೆ ಆ ಕಥೆಯ ಬಾಲದಲ್ಲಿ ಒಂದು ‘ನಿನ್ನನ್ನ’ ಇದೆಯಲ್ಲ! ತೋಟ ನೋಡಿ ಕಥೆ ಎದ್ದು ಕೂತರೆ, ಅದೂ ಹಿಂದೆಯೇ ಬರಬೇಕಲ್ಲ? ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ಈ ಸ್ಥಿತಿಯಲ್ಲಿ ಜಪಾನಿಗೆ ಹಾರುವುದು ಆಗದ ಮಾತು. ಆದರೆ ಸಿಡ್ನಿಯಿಂದ ಬಸ್ಸಿನಲ್ಲಿ ನಾಲ್ಕೈದು ಗಂಟೆ ಹೋದರೆ ಕೌರಾ ಎಂಬ ಊರಿದೆ, ಅಲ್ಲಿ ದೊಡ್ಡ ಜಪಾನಿ ತೋಟ ಇದೆ. ಚೆರಿ ಹೂಬಿಡುವ ಕಾಲದಲ್ಲಿ ಬೆಳಿಗ್ಗೆ ಕರೆದುಕೊಂಡು ಹೋಗಿ ರಾತ್ರಿ ವಾಪಸು ತಂದುಬಿಡುವ ಟೂರು ಇರುತ್ತದೆ, ಗೈಡು ಸಮೇತ. ಅರುಂಧತಿ ಶನಿವಾರಕ್ಕೆ ಎರಡು ಸೀಟು ತನ್ನ ಹೆಸರಿನಲ್ಲೇ ಬುಕ್ ಮಾಡಿದಳು. ಮಗನಿಗೆ ಹೇಳಲಿಲ್ಲ.

ಪ್ಯಾರಮಟ್ಟಾದಲ್ಲಿ ಬಸ್ಸು ಹತ್ತುವಾಗ ಗೈಡು ಬಾಗಿಲಲ್ಲೇ ನಿಂತಿದ್ದಳು. ಎಮಿಕೊ ಎಂದು ಹೆಸರು, ಕೈಯಲ್ಲಿ ಹಳದಿ ಬಾವುಟ. “ಒಹಾಯೋ ಗೊಝೈಮಾಸ್” ಎಂದು ಜಪಾನಿಯಲ್ಲಿ ಶುಭೋದಯ ಹೇಳಿ ಬಗ್ಗಿದಳು. ಅರುಂಧತಿಯ ಕೈ ಹಿಡಿದು ಹತ್ತುತ್ತಿದ್ದ ದಿವಾಕರರು ಮೆಟ್ಟಿಲ ಮೇಲೇ ನಿಂತು, ಎರಡೂ ಕೈ ತೊಡೆಗೆ ಅಂಟಿಸಿ, ಸೊಂಟದಿಂದ ಬಗ್ಗಿ, “ಒಹಾಯೋ ಗೊಝೈಮಾಸ್” ಎಂದರು. ಎಮಿಕೊ ಸಂತೋಷದಿಂದ ಕೈತಟ್ಟಿದಳು. ಇದೆ, ಒಳಗೆ ಎಲ್ಲೋ ಇದೆ, ಪೂರ್ತಿ ಹೋಗಿಲ್ಲ.

“ರೀ, ಈ ಕಡೆ. ಕಿಟಕಿ ಹತ್ರ ಕೂತ್ಕೊಳ್ಳಿ. ರೀ, ಬೆಲ್ಟು ಹಾಕ್ತೀನಿ, ತಾಳಿ.” ದಾರಿಯುದ್ದಕ್ಕೂ ಅವಳದು ಇದೇ ಜಪ. ಹಿಂದಿನ ಸೀಟಿನಿಂದ ಒಬ್ಬಳು ಹುಡುಗಿ ಮುಖ ಮುಂದೆ ಚಾಚಿದಳು.

“ಆಂಟಿ, ಕನ್ನಡದವರೇನ್ರಿ? ನಾ ನಿವೇದಿತಾ, ಧಾರವಾಡದಾಕಿ. ಇಲ್ಲೇ ನಾರ್ತ್ ಸಿಡ್ನಿಯೊಳಗ ಕೆಲಸ ಮಾಡ್ತೀನ್ರಿ. ನಿಮ್ಮ ಮಾತು ಕೇಳಿ ಭಾಳ ಖುಷಿ ಆತು ನೋಡ್ರಿ.”

ಅರುಂಧತಿಗೂ ಖುಷಿಯಾಯಿತು. ಆದರೆ ದಿವಾಕರರು ಹುಡುಗಿಯತ್ತ ತಿರುಗಿ, ಅರುಂಧತಿಯನ್ನು ತೋರಿಸಿ, “ಇವರು ಬಹಳ ಒಳ್ಳೆಯವರು. ಪಾಪ, ನನಗೋಸ್ಕರ ಬಂದಿದ್ದಾರೆ” ಎಂದಾಗ ನಿವೇದಿತಾ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಅರ್ಥವಾಗಿ, “ಹೌದ್ರಿ ಅಂಕಲ್” ಎಂದು ಕಣ್ಣು ತಪ್ಪಿಸಿದಳು.

ಅರುಂಧತಿಯ ‘ರೀ’ ಕೇಳಿ ಕೇಳಿ ಎಮಿಕೊ ಅದೇ ದಿವಾಕರರ ಹೆಸರೆಂದು ತಿಳಿದು, ಮರ್ಯಾದೆಗೆ ಜಪಾನಿಯ ‘ಸಾನ್’ ಸೇರಿಸಿಬಿಟ್ಟಿದ್ದಳು. “ರೀ-ಸಾನ್, ನೀರು ಬೇಕೆ? ರೀ-ಸಾನ್, ಆರಾಮವೆ?” ಎಂದು ಇಂಗ್ಲಿಷಿನಲ್ಲಿ ಉಪಚಾರ ಮಾಡುತ್ತಿದ್ದಳು. ಅರುಂಧತಿಗೆ ನಗು ಬಂತು, ತಿದ್ದಲಿಲ್ಲ. ಎಷ್ಟೋ ದಿನದ ಮೇಲೆ ಬಂದ ನಗು, ಇರಲಿ ಬಿಡು ಎನಿಸಿತು.

ಕೌರಾದಲ್ಲಿ ಮೊದಲು ಹೋದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸೆರೆಯಲ್ಲಿದ್ದು ಸತ್ತ ಜಪಾನಿ ಸೈನಿಕರ ಸಮಾಧಿಗೆ. ಹುಲ್ಲಿನಲ್ಲಿ ಸಾಲಾಗಿ ಹುಗಿದ ಚಿಕ್ಕ ಫಲಕಗಳು. ಸೆರೆಯಾದದ್ದು ಮನೆಯವರಿಗೆ ಅವಮಾನ ಎಂದು ಎಷ್ಟೋ ಜನ ಸುಳ್ಳು ಹೆಸರು ಕೊಟ್ಟಿದ್ದರಂತೆ. ಸತ್ತ ಮೇಲೂ ಅದೇ ಹೆಸರು ಉಳಿಯಿತು ಎಂದು ಎಮಿಕೊ ದನಿ ತಗ್ಗಿಸಿ ಹೇಳಿದಳು. ಅರುಂಧತಿ ಗಂಡನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವರು ಸುತ್ತ ನೋಡಿ, “ಈ ಬಸ್ಸು ಮಂಡ್ಯದ ಮೇಲೆ ಹೋಗುತ್ತಾ?” ಎಂದು ಕೇಳಿದರು.

ತೋಟ ಮಾತ್ರ ನಿಜಕ್ಕೂ ಕಥೆಯಲ್ಲಿ ಕೇಳಿದಂತೆಯೇ ಇತ್ತು. ಗುಡ್ಡದಿಂದ ಇಳಿದು ಬರುವ ತೊರೆ, ಬಂಡೆಗಳ ನಡುವೆ ಚಿಕ್ಕ ಜಲಪಾತ, ಕೆಳಗೆ ವಿಶಾಲವಾದ ಕೊಳ. ದುಂಡಗೆ ಕತ್ತರಿಸಿದ ಪೊದೆಗಳು. ಚೆರಿ ಮರಗಳ ಕೆಳಗೆ ಬಿಳಿ ಎಸಳು. ಕೊಳದಲ್ಲಿ ಕೆಂಪು, ಬಿಳಿ, ಚಿನ್ನದ ಬಣ್ಣದ ಮೀನುಗಳು ಬಾಯಿ ತೆರೆದು ಬಂದವು. ಅರುಂಧತಿ ಗಂಡನ ಮುಖವನ್ನೇ ನೋಡುತ್ತಿದ್ದಳು, ಹೂವು ನೋಡಲಿಲ್ಲ, ಮೀನು ನೋಡಲಿಲ್ಲ.

“ರೀ, ನೋಡಿ, ಮೀನು. ನಗೋಯಾದಲ್ಲಿ ನೋಡಿದ್ರಲ್ಲ, ಅದೇ ಥರ.”

“ಹೌದು, ಚೆನ್ನಾಗಿದೆ.”

“ಗೈಡು ಬಾವುಟ ಹಿಡ್ಕೊಂಡಿದ್ಲು ಅಂತಿದ್ರಲ್ಲ. ಇವಳ ಕೈಲೂ ಬಾವುಟ ಇದೆ ನೋಡಿ. ಆಮೇಲೆ ನನಗೇನು ಹೇಳ್ತಿದ್ರಿ? ಯಾರನ್ನ ಕರ್ಕೊಂಡು ಬರ್ಬೇಕು ಅಂತಿದ್ರಿ?”

ದಿವಾಕರರು ಯೋಚಿಸಿದರು. ನಿಜಕ್ಕೂ ಪ್ರಯತ್ನಪಟ್ಟರು, ಹಣೆಯಲ್ಲಿ ಗೆರೆ ಮೂಡಿತು. ತುಟಿ ಅಲುಗಿತು. ಅರುಂಧತಿ ಮನಸ್ಸಿನಲ್ಲೇ ನಂಜುಂಡೇಶ್ವರನಿಗೆ ಕೈಮುಗಿದಳು.

“ಕ್ಷಮಿಸಿ,” ಎಂದರು ಕೊನೆಗೆ. “ನಿಮಗೆ ಹೇಳಿದ್ದೆನಾ? ನೆನಪಿಲ್ಲ.”

ಒಂದು ಕಲ್ಲುಬೆಂಚಿನ ಮೇಲೆ ಕೂತು ಮೊಸರನ್ನದ ಡಬ್ಬಿ ಬಿಚ್ಚಿದಳು. ಅವರು ಮೂರು ಚಮಚ ತಿಂದರು. ಅವಳು ಮುಟ್ಟಲಿಲ್ಲ. ಮತ್ತೆ ಮತ್ತೆ ಕೇಳಿದಳು. ನಗೋಯಾ ಎಂದಳು, ಕಾರ್ಖಾನೆ ಎಂದಳು, ಹಳೆಯ ಗೆಳೆಯರ ಹೆಸರು ಹೇಳಿದಳು. ಕೊನೆಕೊನೆಗೆ ಅವಳ ದನಿ ಏರಿ, “ನಾನು ಯಾರು ಹೇಳಿ ನೋಡೋಣ! ನಾನು ಯಾರ್ರೀ?” ಎಂದುಬಿಟ್ಟಳು. ಅವರು ಹೆದರಿ ಬೆಂಚಿನ ತುದಿಗೆ ಸರಿದರು. “ನೀವು ಬೈಬೇಡಿ” ಎಂದರು. ಅರುಂಧತಿಗೆ ತನ್ನ ಮೇಲೇ ಅಸಹ್ಯವಾಯಿತು.

ಆಮೇಲೆ ಆದದ್ದು ಎಲ್ಲರಿಗೂ ಆಗುವಂಥದ್ದೇ. ಅವಳಿಗೆ ಟಾಯ್ಲೆಟ್ಟಿಗೆ ಹೋಗಬೇಕಿತ್ತು. ಬೆಳಗಿನಿಂದ ತಡೆದುಕೊಂಡಿದ್ದಳು, ಇನ್ನು ಆಗುತ್ತಿರಲಿಲ್ಲ. ಹೆಂಗಸರ ಕಡೆ ಗಂಡನನ್ನು ಕರೆದುಕೊಂಡು ಹೋಗುವಂತಿಲ್ಲ. ನಿವೇದಿತಾ ಎಲ್ಲೋ ಮೇಲೆ ಫೋಟೋ ತೆಗೆಯುತ್ತಿದ್ದಳು. “ರೀ, ಇಲ್ಲೇ ಕೂತಿರಿ. ಏಳಬೇಡಿ. ಬಂದೆ” ಎಂದು ಹೇಳಿ, ತನ್ನ ಕೈಚೀಲವನ್ನು ಅವರ ಮಡಿಲಲ್ಲಿಟ್ಟು ಓಡಿದಳು. ಬಂದು ನೋಡಿದರೆ ಬೆಂಚಿನ ಮೇಲೆ ಕೈಚೀಲ ಮಾತ್ರ ಇತ್ತು.

ಆ ಗಳಿಗೆಯ ಅವಳ ಪಾಡನ್ನು ಹೇಳಿ ಪ್ರಯೋಜನವಿಲ್ಲ. “ರೀ!” ಎಂದು ಕೂಗಿದಳು. ಬಂಡೆಗಳ ಹಿಂದೆ ನೋಡಿದಳು, ಚಹಾಮನೆಯೊಳಗೆ ಇಣುಕಿದಳು. “ರೀ! ರೀ!” ತೋಟದಲ್ಲಿ ನಡೆಯುತ್ತಿದ್ದ ಯಾವುದೋ ಮದುವೆಗೆ ಬಂದಿದ್ದ ಬಿಳಿ ಹೆಂಗಸರು ಟೋಪಿ ಸರಿಮಾಡಿಕೊಂಡು ತಿರುಗಿ ನೋಡಿದರು. ನಿವೇದಿತಾ ಓಡಿ ಬಂದಳು.

“ಏನಾತ್ರಿ ಆಂಟಿ? ಅಂಕಲ್ ಎಲ್ಲಿ ಹ್ವಾದ್ರು? ಅಂಜಬ್ಯಾಡ್ರಿ, ಇಲ್ಲೇ ಇರ್ತಾರ. ಅಂಕಲ್ರೀ! ಅಂಕಲ್ರೀ!”

ಎಮಿಕೊ ಆಫೀಸಿಗೆ ಹೋಗಿ ‘ರೀ’ ಎಂದು ಹೆಸರು ಹೇಳಿದಳು, ಅವರಿಗೆ ಅದು ‘ಲೀ’ ಎಂದು ಕೇಳಿಸಿತು. ಒಬ್ಬಾತ ಗೇಟಿನ ಬಳಿ ಧ್ವನಿವರ್ಧಕ ಹಿಡಿದು ಕೂಗಿದ: ಮಿಸ್ಟರ್ ಲೀ, ಮಿಸ್ಟರ್ ಲೀ, ದಯವಿಟ್ಟು ಬಾಗಿಲ ಬಳಿ ಬನ್ನಿ, ನಿಮ್ಮ ಹೆಂಡತಿ ಕಾಯುತ್ತಿದ್ದಾರೆ. ಎರಡು ಸಲ ಕೂಗಿದ್ದಕ್ಕೆ ಬಂದೇಬಿಟ್ಟರು. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಐಸ್‌ಕ್ರೀಮು, ಯಾವುದೋ ಬೇರೆ ಬಸ್ಸಿನಲ್ಲಿ ಬಂದಿದ್ದ ಕೊರಿಯಾದ ಮಿಸ್ಟರ್ ಲೀ. ಅರುಂಧತಿಯನ್ನು ನೋಡಿ ಅವರಿಗೂ ಗಾಬರಿ. ಬೇರೆ ಯಾವ ದಿನವಾಗಿದ್ದರೂ ಇದನ್ನು ಹೇಳಿಕೊಂಡು ವರ್ಷವಿಡೀ ನಗಬಹುದಿತ್ತು. ಅರುಂಧತಿ ಧ್ವನಿವರ್ಧಕದವನ ತೋಳು ಹಿಡಿದಳು. “ಅವರ ಹೆಸರು ದಿವಾಕರ್,” ಎಂದು ಇಂಗ್ಲಿಷಿನಲ್ಲಿ ಚೀರಿದಳು, “ರೀ ಅಂದರೆ ಹೆಸರಲ್ಲ! ರೀ ಅಂದರೆ ಗಂಡ!”

ಡೈವಾಕಾರ್, ಡೈವಾಕಾರ್ ಎಂದು ಧ್ವನಿವರ್ಧಕ ಕೂಗತೊಡಗಿತು. ಆ ಹೆಸರಿಗೆ ದಿವಾಕರರು ಗಟ್ಟಿಯಿದ್ದಾಗಲೂ ಓಗೊಡುತ್ತಿದ್ದರೋ ಇಲ್ಲವೋ.

ಕೊನೆಗೆ ಕಂಡದ್ದು ಮಕ್ಕಳಿಗೆ. ಕೊಳದ ಆಚೆ ತುದಿಯಲ್ಲಿ, ಜಲಪಾತದ ಕೆಳಗೆ, ಯಾರೋ ಅಜ್ಜ ನೀರಿಗೆ ಇಳಿದಿದ್ದಾರೆ ಎಂದು ಕೂಗಿಕೊಂಡು ಬಂದವು. ಅರುಂಧತಿ ಮಂಡಿಯ ನೋವನ್ನೆಲ್ಲ ಮರೆತು ಓಡಿದಳು. ದಂಡೆಯ ಮೇಲೆ ಶೂ ಎರಡನ್ನೂ ಜೋಡಿಸಿ ಇಟ್ಟಿತ್ತು, ಒಳಗೆ ಕಾಲುಚೀಲ. ದಿವಾಕರರು ಪ್ಯಾಂಟು ಮಡಿಚಿಕೊಂಡು ತೊಡೆಮಟ್ಟದ ನೀರಿನಲ್ಲಿ ನಿಂತಿದ್ದರು. ತಣ್ಣೀರಿಗೆ ತುಟಿ ನೀಲಿಯಾಗಿತ್ತು. ತೋಟದ ಕೆಲಸದವರಿಬ್ಬರು ಹೊಳೆಯುವ ಹಳದಿ ಜಾಕೆಟ್ಟು ಹಾಕಿಕೊಂಡು ನೀರಿಗೆ ಇಳಿದಿದ್ದರು. ಅವರು ಒಂದು ಹೆಜ್ಜೆ ಮುಂದಿಟ್ಟರೆ ಇವರು ಒಂದು ಹೆಜ್ಜೆ ಹಿಂದೆ. ಹಿಂದೆ ಆಳ ಇದೆ, ಕಲ್ಲು ಜಾರುತ್ತದೆ, ದಯವಿಟ್ಟು ನೀವೇ ಮಾತಾಡಿ ಎಂದು ಅವರಲ್ಲೊಬ್ಬ ಅರುಂಧತಿಗೆ ಹೇಳಿದ.

“ರೀ! ಬನ್ರೀ ಈಚೆಗೆ! ನಾನು, ನಾನು ಬಂದಿದ್ದೀನಿ!”

ಅವರು ತಿರುಗಿ ನೋಡಿದರು. ಆ ನೋಟದಲ್ಲಿ ಗುರುತಿಲ್ಲ, ಬರೀ ಭಯ.

“ನೀವು ಯಾರು? ಹೋಗಿ! ನನ್ನ ಮುಟ್ಟಬೇಡಿ! ನಮ್ಮಮ್ಮ ಬರ್ತಾಳೆ ಈಗ!”

ಇನ್ನೊಂದು ಹೆಜ್ಜೆ ಹಿಂದೆ ಹೋದರು. ನೀರು ಸೊಂಟಕ್ಕೆ ಬಂತು. ನಿವೇದಿತಾ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು.

‘ರೀ’ ಎನ್ನುವುದು ಮದುವೆಯಾದ ಗಂಡಸಿನ ಹೆಸರು. ಇಷ್ಟು ದಿನ ಬಾಗಿಲಿಲ್ಲದ ಮನೆಯ ಬಾಗಿಲು ತಟ್ಟುತ್ತಿದ್ದೆನಲ್ಲ ಎಂದು ಅರುಂಧತಿಗೆ ಹೊಳೆದದ್ದು ಆಗ. ಇವರು ನಡೆಯುತ್ತಾ ನಡೆಯುತ್ತಾ ಹಿಂದೆ ಹೋಗಿದ್ದಾರೆ. ಸಿಡ್ನಿ ದಾಟಿ, ಮೈಸೂರು ದಾಟಿ, ನಗೋಯಾ ದಾಟಿ, ಮದುವೆಯ ಮಂಟಪವನ್ನೂ ದಾಟಿ ಆಚೆಗೆ ಹೋಗಿದ್ದಾರೆ. ಅಲ್ಲಿ ಅವಳಿನ್ನೂ ಹುಟ್ಟೇ ಇಲ್ಲ. ಅಲ್ಲಿ ಅವರು ಹುಟ್ಟಿ ಬೆಳೆದ ನಂಜನಗೂಡಿದೆ, ಕಪಿಲೆಯ ಮೆಟ್ಟಿಲಿದೆ, ನೀರಿನಿಂದ ಏಳದ ಹುಡುಗನಿಗೆ ಕೂಗುವ ತಾಯಿ ಇದ್ದಾಳೆ. ಅತ್ತೆಯ ಆ ಕೂಗನ್ನು ಅರುಂಧತಿ ಬಲ್ಲಳು. ಮಗ ನಡುವಯಸ್ಸಿನ ಎಂಜಿನಿಯರ್ ಆದ ಮೇಲೂ ಆಕೆ ಮೈಸೂರಿನ ಮನೆಯ ಪಡಸಾಲೆಯಲ್ಲಿ ನಿಂತು ಹಾಗೆಯೇ ಕರೆಯುತ್ತಿದ್ದರು, ‘ವಾ’ದ ಮೇಲೆ ಒತ್ತಿ, ಕೊನೆಯನ್ನು ಎಳೆದು.

ಹಾಗೆ ಕರೆದರೆ ಬರುತ್ತಾರೆ. ಅದು ಅವಳಿಗೆ ಗೊತ್ತಾಗಿಹೋಯಿತು. ಬರುವುದು ಯಾರ ಹತ್ತಿರಕ್ಕೆ ಎಂಬುದೂ ಗೊತ್ತಾಗಿಹೋಯಿತು. ಒಂದು ಸಲ ಕರೆದಮೇಲೆ ಹೆಂಡತಿಯಾಗಿ ಮರಳಿ ಹೋಗಲು ದಾರಿಯಿಲ್ಲ. ನಾಲಿಗೆ ಏಳಲೊಲ್ಲದು. ಅಷ್ಟು ವರ್ಷದ ಅಭ್ಯಾಸವೋ, ನಂಬುವುದಿಲ್ಲ ಎಂದುಕೊಂಡ ಆ ಆಯಸ್ಸಿನ ಮಾತೋ, ಏನೋ ಒಂದು ತಡೆಯಿತು. ದಿವಾಕರರ ಕಾಲು ಜಾರಿ ಮೈ ವಾಲಿತು.

“ದಿವಾಕರಾ...!”

ತೋಟವೆಲ್ಲ ತಿರುಗಿ ನೋಡಿತು. ಅದು ಅವಳ ದನಿಯೇ ಆಗಿರಲಿಲ್ಲ.

“ದಿವಾಕರಾ... ಸಾಕು ಬಾರೋ ಮರಿ. ನೆಗಡಿ ಆಗುತ್ತೆ.”

ಅವರು ಸಾವರಿಸಿಕೊಂಡು ನಿಂತರು. ಮುಖದ ಗಂಟೆಲ್ಲ ಬಿಚ್ಚಿಕೊಂಡಿತು. ಅರುಂಧತಿ ಎಷ್ಟೋ ವರ್ಷದಿಂದ ಕಾಣದ ಮುಖ, ಅಥವಾ ಎಂದೂ ಕಂಡಿರದ ಮುಖ.

“ಬಂದೇ ಅಮ್ಮಾ!”

ನೀರನ್ನು ಸೀಳಿಕೊಂಡು ನೇರ ಅವಳ ಹತ್ತಿರಕ್ಕೇ ಬಂದರು. ಹಳದಿ ಜಾಕೆಟ್ಟಿನವರು ಕೈ ಕೊಟ್ಟು ಮೇಲೆತ್ತಿದರು. ದಂಡೆಗೆ ಬಂದವರೇ ಅವಳ ಸೆರಗಿಗೆ ಕೈ ಹಾಕಿದರು; ಪ್ಯಾಂಟು ತೊಟ್ಟ ಅವಳಿಗೆ ಸೆರಗೆಲ್ಲಿಂದ ಬರಬೇಕು, ಸ್ವೆಟರಿನ ಅಂಚು ಸಿಕ್ಕಿತು, ಅದನ್ನೇ ಹಿಡಿದುಕೊಂಡರು.

“ನೀನು ಎಲ್ಲಿ ಹೋಗಿದ್ದೆ?” ಎಂದರು, ಅಳು ಬೆರೆತ ಸಿಟ್ಟಿನಲ್ಲಿ. “ನೀನು ಬರೋದೇ ಇಲ್ಲ ಅಂದ್ಕೊಂಡೆ.”

ಅರುಂಧತಿ ಅವರ ಒದ್ದೆ ತಲೆಯನ್ನು ಎದೆಗೊತ್ತಿಕೊಂಡಳು. ಬಂತಲ್ಲ, ಬೇಡಿಕೊಂಡದ್ದು ಬಂತಲ್ಲ, ಒಂದಲ್ಲ, ಎರಡು ಸಲ ಬಂತಲ್ಲ ಎಂದುಕೊಂಡು ಎಲ್ಲರೆದುರು ಗಟ್ಟಿಯಾಗಿ ಅತ್ತಳು. ಸುತ್ತ ನಿಂತವರು ಅದನ್ನು ಸಂತೋಷದ ಅಳು ಎಂದುಕೊಂಡು ಚಪ್ಪಾಳೆ ತಟ್ಟಿದರು.

ತೋಟದವರು ಕಂಬಳಿ ಕೊಟ್ಟರು, ಯಾರದೋ ಒಣಗಿದ ಪ್ಯಾಂಟು ಕೊಟ್ಟರು, ಬಿಸಿ ಚಹಾ ಕುಡಿಸಿದರು. ಎಮಿಕೊ ನೂರು ಸಲ ಬಗ್ಗಿ ತನ್ನ ತಪ್ಪಿಗೆ ಕ್ಷಮೆ ಕೇಳಿದಳು. ಪಾಪ, ಅವಳದೇನು ತಪ್ಪು. ಬಸ್ಸು ವಾಪಸು ಹೊರಟು ಬಾಥರ್ಸ್ಟ್ ಸಮೀಪಿಸುವ ಹೊತ್ತಿಗೆ ಹೊಲಗಳ ಮೇಲೆ ಸಂಜೆ ಇಳಿಯುತ್ತಿತ್ತು. ಫೋನ್ ಬಂತು. ಮನೆಯಲ್ಲಿ ಯಾರೂ ಎತ್ತದ್ದಕ್ಕೆ ಅಭಯ್ ಗಾಬರಿಯಾಗಿದ್ದ. ಅರುಂಧತಿ ಎಲ್ಲವನ್ನೂ ಹೇಳಿದಳು, ಪಣ ತೊಟ್ಟದ್ದನ್ನೂ ಹೇಳಿದಳು, ನೀರಿನದನ್ನೂ ಹೇಳಿದಳು. ಹೆಸರು ಕರೆದದ್ದನ್ನು ಹೇಳಲಿಲ್ಲ.

“ಓ ಗಾಡ್. ಅಮ್ಮ... ಮತ್ತೆ ಅಪ್ಪ ‘ನೀನು’ ಅಂದ್ರಾ?”

“ಅಂದ್ರು.”

ಮಗ ಒಂದು ನಿಟ್ಟುಸಿರು ಬಿಟ್ಟ. “ಹಾಗಾದ್ರೆ ನಾನೇನೂ ಫೋರ್ಸ್ ಮಾಡಲ್ಲ. ಸೋಮವಾರ ಬೇಡ ಅಂತ ಹೇಳ್ಬಿಡ್ತೀನಿ.”

“ಬೇಡ,” ಎಂದಳು ಅರುಂಧತಿ. “ಸೇರಿಸ್ತೀವಿ ಅಂತ ಹೇಳು.”

“ಅಮ್ಮ? ನನಗೆ ಅರ್ಥ ಆಗ್ಲಿಲ್ಲ.”

“ಅವರು ನನ್ನ ಗಂಡ ಆಗಿದ್ದಾಗ ಹಟ ಮಾಡೋ ಹಕ್ಕು ನನಗಿತ್ತು ಕಣೋ. ಸಾಯೋದಾದ್ರೆ ಇಬ್ಬರೂ ಒಟ್ಟಿಗೇ ಸಾಯ್ತೀವಿ ಅನ್ನಬಹುದಿತ್ತು. ಮಗೂನ ಇಟ್ಕೊಂಡು ಹಾಗನ್ನೋಕಾಗುತ್ತಾ?” ಫೋನಿಟ್ಟಳು.

ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದ ದಿವಾಕರರು ಅವಳ ಸ್ವೆಟರಿನ ಅಂಚನ್ನು ಇನ್ನೂ ಬಿಟ್ಟಿರಲಿಲ್ಲ.

“ಅಮ್ಮಾ.”

“ಏನೋ?”

“ಬೆಳಗ್ಗೆಯಿಂದ ಒಬ್ರು ನನ್ನ ಜೊತೆ ಇದ್ರಲ್ಲ. ಕನ್ನಡಕ ಹಾಕ್ಕೊಂಡೋರು. ಮೊಸರನ್ನ ಕೊಟ್ರಲ್ಲ, ಅವ್ರು ಎಲ್ಲಿ?”

ಅರುಂಧತಿ ಕನ್ನಡಕವನ್ನು ಎಲ್ಲೋ ದಂಡೆಯಲ್ಲಿ ಕಳೆದುಕೊಂಡಿದ್ದಳು. ಜಾರಿದ ಕಂಬಳಿಯನ್ನು ಅವರ ಕೊರಳತನಕ ಎಳೆದು ಹೊದಿಸಿದಳು.

“ಅವರು ಹೋದ್ರು ಮರಿ.”

“ನನಗೆ ಹೇಳ್ದೇನೇ ಹೋದ್ರಾ?”

“ಹೇಳಿದ್ರು ಕಣೋ,” ಎಂದಳು. “ಎಷ್ಟೋ ಸಲ ಕೂಗಿ ಕೂಗಿ ಹೇಳಿದ್ರು. ನಿನಗೇ ಕೇಳಿಸ್ಲಿಲ್ಲ.”